ರಬ್ಬರ್ ಕೃಷಿಕರು ನೋಡಬೇಕಾದ ಸಿಂಗಪುರದ ಸಸ್ಯೋದ್ಯಾನ

ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ಮಕ್ಕಳನ್ನು ನೋಡಿ ಬರಲು ನಮ್ಮ ಹಳ್ಳಿಗಳ ತಂದೆತಾಯಿಗಳು ಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಹೋದವರಿಗೆ ಮಕ್ಕಳು ಮುಗಿಲು ಮುಟ್ಟುವ ಕಟ್ಟಡಗಳನ್ನೂ ಝಗಝಗಿಸುವ ಅಂಗಡಿ ಬೀದಿಗಳನ್ನೂ ತೋರಿಸುತ್ತಾರೆ. ಅವೆಲ್ಲವೂ ನೋಡತಕ್ಕವೇ. ಆದರೆ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರು ಆ ನಗರದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಸ್ಥಳ ಬೇರೆಯೇ ಇದೆ. ಅದು ಅಲ್ಲಿನ ಸರ್ಕಾರಿ ಸಸ್ಯೋದ್ಯಾನ. ನಮ್ಮ ತೋಟದ ರಬ್ಬರ್ ಮರದಿಂದ ಹಾಲು ತೆಗೆಯುವ ಕ್ರಮದ ಮೂಲ ಇರುವುದು ಅಲ್ಲಿ. ಒಳಗೆ ಹೋಗಲು ಒಂದು ಕಾಸೂ ಕೊಡಬೇಕಾಗಿಲ್ಲ.

ಹೋಗುವುದು ಹೇಗೆ?

ಉದ್ಯಾನವು ಬೆಳಗಿನ 5 ಗಂಟೆಯಿಂದ ನಡುರಾತ್ರಿ 12ರವರೆಗೆ ಪ್ರತಿದಿನವೂ ತೆರೆದಿರುತ್ತದೆ. ಭಾರತೀಯರ ಅಂಗಡಿ, ಊಟದ ಮನೆಗಳಿರುವ ‘ಲಿಟಲ್ ಇಂಡಿಯಾ’ ನಿಲ್ದಾಣದಲ್ಲಿ ಡೌನ್‌ಟೌನ್ ಮಾರ್ಗದ ರೈಲು ಹತ್ತಿದರೆ ಮೂರನೆಯ ನಿಲ್ದಾಣವೇ ‘ಬೊಟಾನಿಕ್ ಗಾರ್ಡನ್ಸ್’. ನಿಲ್ದಾಣದಿಂದ ಹೊರಬಂದರೆ ಉದ್ಯಾನದ ಬಾಗಿಲು. ಉದ್ಯಾನದ ವಿಸ್ತೀರ್ಣ ಸುಮಾರು 82 ಹೆಕ್ಟೇರು, ಎಂದರೆ 200 ಎಕರೆಗೂ ಮೇಲೆ. ಪೂರ್ತಿ ನೋಡುವುದಾದರೆ ಬಿಸಿಲೇರುವ ಮೊದಲೇ ಹೊರಡುವುದು ಲೇಸು. ಭೂಮಧ್ಯರೇಖೆಗೆ ಹತ್ತಿರದ ಊರಾದ್ದರಿಂದ ವರ್ಷವಿಡೀ ಸೆಕೆ, ಯಾವಾಗ ಬೇಕಾದರೂ ಮಳೆ. ಕೊಡೆ ಕೈಯಲ್ಲಿರಲಿ.

ಒಳಗಿರುವ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ಉಳಿದ ಭಾಗಗಳಲ್ಲಿಯೇ ಕೃಷಿಕರಿಗೆ ಬೇಕಾದುದು ಸಾಕಷ್ಟಿದೆ. ಶುಂಠಿ, ಅರಿಶಿನ, ಏಲಕ್ಕಿಗಳ ಕುಟುಂಬಕ್ಕೆಂದೇ ಒಂದು ತೋಟವಿದೆ. ಏಲಕ್ಕಿ ಬೆಳೆದವರು ಅಲ್ಲಿ ಅದರ ದಾಯಾದಿ ಗಿಡಗಳನ್ನು ಹೋಲಿಸಿ ನೋಡಬಹುದು. ತಾಳೆ ಜಾತಿಯ ಮರಗಳಿಗೆ ಒಂದು ಕಣಿವೆಯೇ ಮೀಸಲು. ಉದ್ಯಾನ ಹುಟ್ಟುವುದಕ್ಕೂ ಮುಂಚಿನ ಮಳೆಕಾಡಿನ ತುಣುಕೊಂದನ್ನು, ಸುಮಾರು 6 ಹೆಕ್ಟೇರಿನಷ್ಟು, ಇಂದಿಗೂ ಕಾಪಾಡಿದ್ದಾರೆ. ಇಡೀ ಉದ್ಯಾನಕ್ಕೆ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ರಬ್ಬರ್ ಕೃಷಿಯಲ್ಲಿ ಅದು ವಹಿಸಿದ ಪಾತ್ರ.

ಇಪ್ಪತ್ತೆರಡು ಸಸಿಗಳು

ರಬ್ಬರ್ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್ಯಾಮ್ ಎಂಬ ಆಂಗ್ಲನು ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದನು. ರಬ್ಬರ್ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವಂಥದು; ನೂರಕ್ಕೆ ಸುಮಾರು ನಾಲ್ಕು ಮಾತ್ರ ಮೊಳೆತವು. ಆ ಸಸಿಗಳಲ್ಲಿ ಹೆಚ್ಚಿನವು ಸಿಂಹಳಕ್ಕೆ ಹೋದವು. 1877ರಲ್ಲಿ 22 ಸಸಿಗಳು ಸಿಂಗಪುರಕ್ಕೆ ಬಂದವು. 1859ರಲ್ಲಿ ಆರಂಭವಾಗಿದ್ದ ಈ ಉದ್ಯಾನದಲ್ಲಿ ಅವುಗಳಲ್ಲಿ ಕೆಲವನ್ನು ನೆಟ್ಟರು.

ಮರಗಳು ಸೊಂಪಾಗಿ ಬೆಳೆದವು, ಬೀಜ ಬಿಟ್ಟವು. ಆದರೆ ಕೇಳುವವರು ಯಾರೂ ಇರಲಿಲ್ಲ. ಮಲಯದ ತೋಟಗಾರರು ಆಗ ಕಾಫಿಯ ಗುಂಗಿನಲ್ಲಿದ್ದರು. ಆರೇಳು ವರ್ಷ ಕಾದು, ಆಮೇಲೆ ಹಾಲು ತೆಗೆಯುವ ಗಿಡವನ್ನು ನಂಬಿ ಭೂಮಿ ತೊಡಗಿಸಲು ಯಾವ ತೋಟಗಾರನಿಗೆ ಧೈರ್ಯ ಬಂದೀತು? ಹಾಲು ತೆಗೆಯುವ ಸರಿಯಾದ ಕ್ರಮವೂ ಆಗ ಗೊತ್ತಿರಲಿಲ್ಲ. ಅಮೆಜಾನ್ ಕಾಡಿನವರು ಸಣ್ಣ ಕೊಡಲಿಯಿಂದ ಕಾಂಡವನ್ನು ಅಲ್ಲಲ್ಲಿ ಕಡಿದು ಹಾಲು ಇಳಿಸುತ್ತಿದ್ದರು. ಹಾಗೆ ಕಡಿದ ಕಡೆಯೆಲ್ಲ ಮರ ಗಂಟುಗಟ್ಟಿ, ಮತ್ತೆ ಕತ್ತಿ ಹಾಕಲು ಬಾರದಂತಾಗುತ್ತಿತ್ತು.

1888ರಲ್ಲಿ ಹೆನ್ರಿ ರಿಡ್ಲೆ ಎಂಬ ಸಸ್ಯವಿಜ್ಞಾನಿ ಉದ್ಯಾನದ ಅಧಿಕಾರಿಯಾಗಿ ಬಂದರು. ಮರಗಳ ಮೇಲೆ ಪ್ರಯೋಗ ನಡೆಸಿ, ಕಡಿಯುವುದರ ಬದಲು ತೊಗಟೆಯನ್ನು ಹೆರೆಯುವ ಕ್ರಮವನ್ನು ರೂಪಿಸಿದರು. ಒಮ್ಮೆ ಹಾಕಿದ ಓರೆಗೀರಿನ ಕೆಳ ಅಂಚಿನಿಂದಲೇ ಪ್ರತಿ ಸಾರಿಯೂ ತೆಳುವಾದ ಚೂರೊಂದನ್ನು ಹೆರೆದು ತೆಗೆಯುವುದು. ಮರದ ಕಾಂಡಕ್ಕೆ ಮಾತ್ರ ಕತ್ತಿ ತಾಗಿಸದಿರುವುದು. ಹೀಗೆ ಮಾಡಿದಾಗ ಮೊದಲ ದಿನಕ್ಕಿಂತ ಮುಂದಿನ ದಿನಗಳಲ್ಲಿ ಹಾಲು ಹೆಚ್ಚು ಸುರಿಯಿತು. ಹೆರೆದ ಜಾಗದಲ್ಲಿ ಹೊಸ ತೊಗಟೆಯೂ ನಯವಾಗಿ ಬೆಳೆಯಿತು. ಒಂದೇ ಮರದಿಂದ ದಶಕಗಳ ಕಾಲ ಉತ್ಪತ್ತಿ ಪಡೆಯುವ ಹಾದಿ ಹೀಗೆ ತೆರೆಯಿತು.

ವಿದ್ಯೆ ಸಿದ್ಧವಾಯಿತು, ಒಪ್ಪುವವರು ಬೇಕಲ್ಲ? ರಿಡ್ಲೆ ಜೇಬಿನಲ್ಲಿ ಬೀಜ ತುಂಬಿಕೊಂಡು ಕಂಡ ಕಂಡ ತೋಟಗಾರರಿಗೆ ಕೊಡುತ್ತಿದ್ದರು. ಜನ ಅವರಿಗೆ ‘ಹುಚ್ಚು ರಿಡ್ಲೆ’ ಎಂದು ಹೆಸರಿಟ್ಟರು. ಹೊಸ ಬೆಳೆ, ಹೊಸ ತಳಿ ಎಂದು ಮನೆಮನೆ ತಿರುಗುವ ನಮ್ಮಂಥ ವಿಸ್ತರಣಾ ಕೆಲಸದವರಿಗೆ ಈ ಹೆಸರಿನ ಕಥೆ ಕೇಳಿದರೆ ಸಮಾಧಾನವಾಗುತ್ತದೆ. ಕೊನೆಗೆ 1896ರಲ್ಲಿ ಮಲಕ್ಕಾದ ಟಾನ್ ಚೇ ಯಾನ್ ಎಂಬ ಚೀನೀ ತೋಟಗಾರರು ಮೊದಲ ವಾಣಿಜ್ಯ ತೋಟ ಹಾಕಿದರು. ಅಷ್ಟರಲ್ಲಿ ಕಾಫಿಯ ಬೆಲೆ ಬಿತ್ತು, ಮೋಟಾರು ಗಾಡಿಗಳ ಕಾಲ ಬಂತು. 1917ರ ಹೊತ್ತಿಗೆ ಉದ್ಯಾನವು 70 ಲಕ್ಷಕ್ಕೂ ಹೆಚ್ಚು ಬೀಜಗಳನ್ನು ಹಂಚಿತ್ತು. 1920ರ ಸುಮಾರಿಗೆ ಪ್ರಪಂಚದ ರಬ್ಬರಿನಲ್ಲಿ ಅರ್ಧದಷ್ಟು ಮಲಯದ್ದೇ ಆಗಿತ್ತು. ರಿಡ್ಲೆ ನೂರು ವರ್ಷ ತುಂಬು ಬಾಳು ಬಾಳಿ, 1956ರಲ್ಲಿ ತೀರಿಕೊಂಡರು.

ಕೊಳ್ಳುವವರೇ ಇಲ್ಲದ ಮರವನ್ನು ಹತ್ತೊಂಬತ್ತು ವರ್ಷ ಸಾಕಿ, ಅದರ ಗುಣ ತಿಳಿದು, ಬೇಡಿಕೆ ಬಂದ ದಿನ ಬೀಜವನ್ನೂ ವಿದ್ಯೆಯನ್ನೂ ಕೊಡುವುದು ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಸಾರ್ವಜನಿಕ ಉದ್ಯಾನ ಬೇಕಾಗುವುದು ಇದಕ್ಕೇ. ಈ ಚರಿತ್ರೆಯನ್ನು ಉದ್ಯಾನದೊಳಗಿನ ವಸ್ತುಸಂಗ್ರಹಾಲಯದಲ್ಲಿ ಚಿತ್ರ ಸಮೇತ ತೋರಿಸಿದ್ದಾರೆ.

ನಮ್ಮ ತೋಟಕ್ಕೆ ಪಾಠ

ನಮ್ಮ ಜಿಲ್ಲೆಯಲ್ಲಿ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸರ್ಕಾರವೇ ರಬ್ಬರ್ ತೋಟಗಳನ್ನು ಎಬ್ಬಿಸಿತು. ಅಡಿಕೆಗೆ ಹಳದಿ ಎಲೆ ರೋಗ ತಗಲಿದ ಕಡೆ ಸಣ್ಣ ಹಿಡುವಳಿದಾರರೂ ರಬ್ಬರಿನತ್ತ ತಿರುಗಿದರು. ಬೆಲೆ ಏರುವುದು, ಇಳಿಯುವುದು ನಮ್ಮ ಕೈಯಲ್ಲಿಲ್ಲ. ಮರ ಎಷ್ಟು ವರ್ಷ ಹಾಲು ಕೊಡಬೇಕು ಎಂಬುದು ಮಾತ್ರ ಬಹುಮಟ್ಟಿಗೆ ಕತ್ತಿ ಹಿಡಿದವನ ಕೈಯಲ್ಲಿದೆ. ಕೆಲವು ತೋಟಗಳಲ್ಲಿ ಕಾಂಡದ ತುಂಬ ಗಂಟುಗಳೆದ್ದ ಮರಗಳನ್ನು ಕಾಣುತ್ತೇವೆ. ರಿಡ್ಲೆಗಿಂತ ಹಿಂದಿನ ಕಾಲಕ್ಕೆ ಮರಳಿದಂತೆ ಅದು! ಆದ್ದರಿಂದ ಟ್ಯಾಪಿಂಗ್ ಮಾಡಿಸುವವರು ಈ ಅಂಶಗಳನ್ನು ನೆನಪಿಡುವುದು ಅಗತ್ಯ:

1. ಕಸಿ ಗಿಡವಾದರೆ, ಕಸಿಯ ಗುರುತಿನಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ 50 ಸೆಂಟಿಮೀಟರ್ ಆಗಿರಬೇಕು. ತೋಟದ ನೂರಕ್ಕೆ 70 ಮರಗಳು ಈ ಅಳತೆಗೆ ಬಂದ ಮೇಲೆಯೇ ಟ್ಯಾಪಿಂಗ್ ಆರಂಭಿಸಬೇಕು.

2. ಗೀರು ಎಡಗಡೆ ಮೇಲಿದ್ದು ಬಲಗಡೆಗೆ ಇಳಿಯಬೇಕು. ಹಾಲಿನ ನಾಳಗಳು ತೊಗಟೆಯಲ್ಲಿ ಇದಕ್ಕೆ ಅಡ್ಡವಾಗಿ ಓರೆಯಾಗಿರುವುದರಿಂದ ಹೆಚ್ಚು ನಾಳಗಳು ತೆರೆಯುತ್ತವೆ. ಕಸಿ ಗಿಡಕ್ಕೆ 30 ಡಿಗ್ರಿ ಇಳಿಜಾರು ಸರಿ.

3. ಹಾಲಿನ ನಾಳಗಳು ದಟ್ಟವಾಗಿರುವುದು ತೊಗಟೆಯ ಒಳಭಾಗದಲ್ಲಿ. ಆದರೆ ತೊಗಟೆಗೂ ಕಾಂಡಕ್ಕೂ ನಡುವೆ, ಹೊಸ ತೊಗಟೆಯನ್ನು ಬೆಳೆಸುವ ತೆಳು ಪದರವಿದೆ. ಅದಕ್ಕೆ ಸುಮಾರು ಒಂದು ಮಿಲಿಮೀಟರ್ ಇರುವಂತೆ ಕತ್ತಿ ನಿಲ್ಲಬೇಕು. ಪದರಕ್ಕೆ ಗಾಯವಾದರೆ ಗಂಟು ಖಂಡಿತ.

4. ಹಾಲು ಚೆನ್ನಾಗಿ ಇಳಿಯುವುದು ನಸುಕಿನಲ್ಲಿ. ಬಿಸಿಲೇರಿದಂತೆ ಮರದೊಳಗಿನ ನೀರಿನ ಒತ್ತಡ ಕಡಿಮೆಯಾಗಿ ಹಾಲು ಕುಗ್ಗುತ್ತದೆ.

5. ಮರಕ್ಕೆ ಬಿಡುವು ಬೇಕು. ಆರ್‌ಆರ್‌ಐಐ 105 ತಳಿಗೆ ಮೂರು ದಿನಕ್ಕೊಮ್ಮೆ ಟ್ಯಾಪಿಂಗ್ ಸಾಕು. ದುರಾಸೆಯಿಂದ ದಿನವೂ ಹೆರೆದರೆ ಗೀರು ಒಣಗಿ, ಹಾಲೇ ನಿಂತುಹೋಗುವ ಸಂಭವವಿದೆ.

ಜೇಬಿನಲ್ಲಿ ಬೀಜ ಬೇಡ

ಹೊಸ ಗಿಡ ಕಂಡರೆ ಒಂದು ಕಡ್ಡಿ ಮುರಿದುಕೊಳ್ಳುವುದು, ಬಿದ್ದ ಬೀಜ ಹೆಕ್ಕಿಕೊಳ್ಳುವುದು ನಮ್ಮ ತೋಟದವರ ಹುಟ್ಟುಗುಣ. ಸಿಂಗಪುರದ ಉದ್ಯಾನದಲ್ಲಿ ಗಿಡ ಕೀಳುವುದು ದಂಡನೆಗೆ ಗುರಿಯಾಗುವ ಅಪರಾಧ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ.

ರಬ್ಬರಿನ ತವರಾದ ದಕ್ಷಿಣ ಅಮೆರಿಕದಲ್ಲಿ ಶಿಲೀಂಧ್ರದಿಂದ ಬರುವ ಒಂದು ಎಲೆ ರೋಗವಿದೆ. ಎಳೆಯ ಎಲೆಗಳನ್ನು ಮತ್ತೆ ಮತ್ತೆ ಉದುರಿಸಿ ಮರವನ್ನೇ ಕೊಲ್ಲುತ್ತದೆ. ಮೋಟಾರು ಕಾರಿನ ಹೆನ್ರಿ ಫೋರ್ಡ್ 1928ರಿಂದ ಬ್ರೆಜಿಲಿನಲ್ಲಿ ಅಪಾರ ಹಣ ಸುರಿದು ರಬ್ಬರ್ ತೋಟ ಎಬ್ಬಿಸಿದರು. ಈ ರೋಗದ ಹಾವಳಿಯೂ ಸೇರಿ ತೋಟ ಕೈಗೆ ಹತ್ತದೆ, 1945ರಲ್ಲಿ ಅದನ್ನು ಬ್ರೆಜಿಲ್ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ನಮ್ಮ ಪುಣ್ಯಕ್ಕೆ ಆ ರೋಗ ಇಂದಿಗೂ ಏಷ್ಯಾಕ್ಕೆ ಕಾಲಿಟ್ಟಿಲ್ಲ. ಇಲ್ಲಿನ ತೋಟಗಳಲ್ಲಿರುವ ರಬ್ಬರ್ ಬಹುತೇಕ ವಿಕ್ಯಾಮನ ಆ ಕೆಲವೇ ಬೀಜಗಳ ಸಂತಾನ. ಒಂದೇ ಮನೆತನದ ಮರಗಳಾದ್ದರಿಂದ, ರೋಗ ಒಂದಕ್ಕೆ ತಗಲಿದರೆ ಮಿಕ್ಕವೂ ಉಳಿಯುವುದು ಕಷ್ಟ.

ಪರದೇಶದಿಂದ ಬೀಜ, ಕಡ್ಡಿ, ಸಸಿ ತರಲು ಸರ್ಕಾರದ ಆಮದು ಪರವಾನಗಿಯೂ ರೋಗರಹಿತವೆಂಬ ಪ್ರಮಾಣಪತ್ರವೂ ಬೇಕು. ಇದು ಬರಿಯ ಕಾಗದದ ಕಟ್ಟಳೆಯಲ್ಲ. ಸುಳ್ಯದ ಗುಡ್ಡದಿಂದ ಕೇರಳದ ತುದಿಯವರೆಗಿನ ಲಕ್ಷಾಂತರ ಸಂಸಾರಗಳ ಅನ್ನಕ್ಕೆ ಹಾಕಿದ ಬೇಲಿ. ರಿಡ್ಲೆಯವರ ಕಾಲದಲ್ಲಿ ಜೇಬಿನಲ್ಲಿ ಬೀಜ ಒಯ್ಯುವುದು ಉಪಕಾರವಾಗಿತ್ತು. ಇಂದು ಅದೇ ಕೆಲಸ ಅಪಕಾರವಾದೀತು. ಉತ್ತಮ ತಳಿಯ ಸಸಿ ಬೇಕಾದವರು ರಬ್ಬರ್ ಮಂಡಳಿಯ ಕಚೇರಿಯಲ್ಲಿ ವಿಚಾರಿಸಲಿ.

ಸಿಂಗಪುರಕ್ಕೆ ಹೋಗುವವರು ಒಂದು ಮುಂಜಾನೆಯನ್ನು ಈ ಉದ್ಯಾನಕ್ಕೆ ಮೀಸಲಿಡಬೇಕು. ಬರುವಾಗ ಸೊಪ್ಪು ಸಸಿ ಏನನ್ನೂ ತರಬೇಕಾಗಿಲ್ಲ. ಮರಕ್ಕೆ ಗಾಯ ಮಾಡದೆ ಹಾಲು ಪಡೆಯಬೇಕೆಂಬ ತಿಳಿವಳಿಕೆಯೊಂದನ್ನು ತಂದು, ಟ್ಯಾಪಿಂಗ್ ಮಾಡುವವರೊಡನೆ ಕುಳಿತು ಮಾತಾಡಿದರೆ ಸಾಕು, ಹೋಗಿ ಬಂದ ಖರ್ಚು ತೋಟದಲ್ಲಿಯೇ ಹುಟ್ಟುತ್ತದೆ.