ಎರಕ ಹೊಯ್ದ ಬಿಸಿಲು

ರಾಯಚೂರು ಸೀಮೆಯ ಏಪ್ರಿಲ್ ಮಧ್ಯಾಹ್ನಕ್ಕೆ ನೀಲಿ ಆಕಾಶ ಇರುವುದಿಲ್ಲ. ನೆತ್ತಿಯ ಮೇಲೆ ಒಂದಿಷ್ಟು ಮಾಸಲು ನೀಲಿ, ಅದರ ಕೆಳಗೆಲ್ಲ ಕಣ್ಣು ಕುಕ್ಕುವ ಬಿಳುಪು, ನೆಲ ಮುಟ್ಟುವಲ್ಲಿ ದೂಳು ಬೆರೆತ ತೆಳು ಹಳದಿ. ಆ ಊರಿನಲ್ಲಿ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲಿರುವ ಗೆಳತಿ, ತನ್ನ ಮನೆಯ ಮಹಡಿ ಕೋಣೆಯಲ್ಲಿ ಆ ಆಕಾಶವನ್ನು ಅಕ್ರಿಲಿಕ್ ಬಣ್ಣದಲ್ಲಿ ಎಳೆದು ಮುಗಿಸಿದ್ದಾಳೆ. ಟೈಟಾನಿಯಂ ವೈಟ್‌ನದೇ ಕಾರುಬಾರು. ಕೋಬಾಲ್ಟ್ ನೀಲಿ ಕುಂಚದ ತುದಿಗೆ ಅಂಟಿದಷ್ಟು ಮಾತ್ರ. ಮಿಕ್ಕ ಬಣ್ಣವನ್ನು ಚೆಲ್ಲದೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟಳು. "ಇದು ಆಮ್ಯಾಲೆ ರಸ್ತೆಗೆ ಬೇಕಾಗ್ತದ" ಎಂದಳು.

ಹಲಗೆ ಮೂರಡಿ ಉದ್ದ, ಎರಡಡಿ ಅಗಲದ ಎಂಡಿಎಫ್. ಅದಕ್ಕೆ ಎರಡು ಕೋಟ್ ಗೆಸ್ಸೊ ಬಿದ್ದಿದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಹತ್ತಿರದಿಂದ ಕಂಡವರಿಗೆ ಗೆಸ್ಸೊ ಗೊತ್ತು: ಸಫೇದ ಪುಡಿಯನ್ನು ಅಂಟಿನ ಜೊತೆ ಅರೆದು, ತೆಳುವಾದ ಉಬ್ಬುಗೆಲಸ ಮಾಡಿ, ಮೇಲೆ ಚಿನ್ನದ ರೇಕು ಕೂರಿಸುವ ಕೆಲಸ ಅದು. ತಂಜಾವೂರಿನವರು ಆ ಉಬ್ಬನ್ನು ಇನ್ನೂ ದಪ್ಪ ಮಾಡಿ ಗಾಜಿನ ಹರಳುಗಳನ್ನೂ ಕೂರಿಸಿದರು. ಬಣ್ಣದ ಜೊತೆ ಗಾಜು ಬೆರೆಸುವುದು ನಮ್ಮ ಕಡೆ ಹೊಸತೇನಲ್ಲ. ದೇವರ ಕಿರೀಟದಲ್ಲಿ ಆ ಹರಳುಗಳು ಮಾಡುತ್ತಿದ್ದ ಕೆಲಸವನ್ನು ಇವಳ ಹಲಗೆಯಲ್ಲಿ ಒಂದು ಗುಲ್‌ಮೊಹರ್ ಮರ ಮಾಡಬೇಕಾಗಿದೆ, ಅಷ್ಟೇ ವ್ಯತ್ಯಾಸ.

ಮರಕ್ಕಿಂತ ಮೊದಲು ನೆಲ. ಬೇಸಿಗೆಯ ಎರೆಹೊಲವನ್ನು ಕುಂಚದಿಂದ ಬರೆಯಲು ಹೊರಟರೆ ಬಿರುಕುಗಳೆಲ್ಲ ಬರೀ ಗೆರೆಗಳಾಗಿ ಉಳಿಯುತ್ತವೆ. ಅವಳು ಗೆರೆ ಎಳೆಯಲಿಲ್ಲ. ಕ್ರ್ಯಾಕಲ್ ಪೇಸ್ಟನ್ನು ಕರಣೆಯಿಂದ ಮೆತ್ತಿದಳು. ಕೆಳಗಡೆ, ಅಂದರೆ ನೋಡುವವರ ಕಾಲ ಬಳಿ, ಬೆರಳು ದಪ್ಪಕ್ಕೆ ಹತ್ತಿರ; ಮೇಲೆ ಹೋದಂತೆ ತೆಳು; ದಿಗಂತದ ಹತ್ತಿರ ಕಾಗದದಷ್ಟು. ದಪ್ಪ ಇದ್ದಲ್ಲಿ ಬಿರುಕು ಅಗಲ, ತೆಳು ಇದ್ದಲ್ಲಿ ಸಣ್ಣ. ಕೆಲವು ದಿನಗಳಲ್ಲಿ ಪೇಸ್ಟ್ ತಾನೇ ಒಣಗಿ, ಕುಗ್ಗಿ, ಸೀಳಿ, ಹತ್ತಿರದ ಹೊಲವನ್ನು ಹತ್ತಿರಕ್ಕೂ ದೂರದ ಹೊಲವನ್ನು ದೂರಕ್ಕೂ ಕೂರಿಸಿಬಿಟ್ಟಿತ್ತು. ಎರೆಮಣ್ಣಿನಲ್ಲಿ ಆಗುವುದೂ ಇದೇ. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಬಿಟ್ಟು ಕುಗ್ಗುತ್ತದೆ, ನೆಲ ಬಾಯಿ ಬಿಡುತ್ತದೆ. ಹೊಲ ಬಿರಿಯುವ ಕಾರಣಕ್ಕೇ ಹಲಗೆಯೂ ಬಿರಿದಿದೆ. ಇಡೀ ಚಿತ್ರದಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಗುಣ. ಇಲ್ಲಿ ವಸ್ತು ಬೇಸಿಗೆಯನ್ನು ಹೇಳುವುದಿಲ್ಲ, ಬೇಸಿಗೆ ಮಾಡುವ ಕೆಲಸವನ್ನೇ ಮಾಡುತ್ತದೆ.

ಗುಲ್‌ಮೊಹರ್‌ಗೆ ಬೇಕಾದದ್ದು ಬಳೆಚೂರು. ಬಳೆಯನ್ನು ಬೇಕೆಂದು ಒಡೆಯಲು ಅವಳಿಗೆ ಮನಸ್ಸಿಲ್ಲ, ಮನೆಯ ಹಿರಿಯರೂ ಒಪ್ಪುವುದಿಲ್ಲ. ಹಾಗಾಗಿ ಪರಿಚಯದ ಬಳೆ ಅಂಗಡಿಯಲ್ಲಿ ಹೇಳಿಟ್ಟಿದ್ದಾಳೆ. ಮದುವೆ, ಸೀಮಂತದ ದಿನಗಳಲ್ಲಿ ತೊಡಿಸುವಾಗ ಮುರಿದವು, ಫಿರೋಜಾಬಾದಿನಿಂದ ಬರುವ ಪೆಟ್ಟಿಗೆಯಲ್ಲೇ ಚೂರಾದವು, ಎಲ್ಲವೂ ಒಂದು ಚೀಲಕ್ಕೆ ಬಿದ್ದಿರುತ್ತವೆ. ಅದನ್ನು ತಂದು ತೊಳೆದು, ಬಿಸಿಲಲ್ಲಿ ಒಣಗಿಸಿ, ಬಣ್ಣದ ಪ್ರಕಾರ ತಟ್ಟೆಗಳಲ್ಲಿ ವಿಂಗಡಿಸಿದ್ದಾಳೆ. ಒದ್ದೆ ಉಳಿದರೆ, ಆಮೇಲೆ ಬುಡಕ್ಕೆ ಹೊಯ್ಯುವ ಎಪಾಕ್ಸಿ ರೆಸಿನ್ ಎಂಬ ತಿಳಿ ದ್ರವ ಅಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಉದ್ದದ ಚೂರುಗಳನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಇಕ್ಕಳದಿಂದ ಮೆಲ್ಲಗೆ ಅದುಮಿದರೆ ಕಿರುಬೆರಳ ಉಗುರಿನಷ್ಟು ತುಂಡುಗಳಾಗುತ್ತವೆ. ಕಣ್ಣಿಗೆ ಕನ್ನಡಕ ಹಾಕದೆ ಆ ಕೆಲಸಕ್ಕೆ ಕೂರುವುದಿಲ್ಲ.

ಗುಲ್‌ಮೊಹರ್ ಹೂವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು: ಐದು ಎಸಳಲ್ಲಿ ನಾಲ್ಕು ಕೆಂಪು, ಐದನೆಯದು ಮಾತ್ರ ಬೇರೆ. ಅದು ನೆಟ್ಟಗೆ ನಿಂತಿರುತ್ತದೆ, ಬಿಳಿ ಹಳದಿ ಮೈಮೇಲೆ ಕೆಂಪು ಚುಕ್ಕೆ ಗೀರು. ಅವಳೂ ನಾಲ್ಕು ಕೆಂಪು ಚೂರಿಗೆ ಒಂದು ಹಾಲುಬಿಳಿ ಚೂರನ್ನು ಎತ್ತಿ ನಿಲ್ಲಿಸುತ್ತಾಳೆ. ಬಳೆಯ ಬಾಗು ಇರುವುದರಿಂದ ಯಾವ ಚೂರೂ ಚಪ್ಪಟೆಯಾಗಿ ಮಲಗುವುದಿಲ್ಲ; ಒಂದು ತುದಿ ಹಲಗೆಗೆ, ಇನ್ನೊಂದು ತುದಿ ಗಾಳಿಗೆ. ಚಿಮಟದಲ್ಲಿ ಹಿಡಿದು, ಬುಡಕ್ಕೆ ಅಂಟು ತಾಗಿಸಿ, ಒಂದೊಂದನ್ನೂ ಓರೆ ನೋಡಿ ಕೂರಿಸಬೇಕು. ಮಡಗಾಸ್ಕರ್ ಮೂಲದ ಈ ಮರ ನಮ್ಮ ಶಾಲೆಯ ಅಂಗಳ, ಬಸ್‌ಸ್ಟ್ಯಾಂಡ್, ಹೆದ್ದಾರಿಗಳಲ್ಲಿ ಎಷ್ಟು ಒಗ್ಗಿಹೋಗಿದೆ ಎಂದರೆ, ಬೇಸಿಗೆ ರಜೆ ಎಂದೊಡನೆ ಕಣ್ಣಿಗೆ ಬರುವ ಕೆಂಪು ಅದರದೇ. ಅದರ ಕತ್ತಿಯಂಥ ಕಾಯಿ ಹಿಡಿದು ಯುದ್ಧ ಮಾಡದ ಮಕ್ಕಳು ನಮ್ಮಲ್ಲಿ ಕಡಿಮೆ.

ಚೂರುಗಳನ್ನು ಹೀಗೆ ಎತ್ತಿ ನಿಲ್ಲಿಸುವುದಕ್ಕೆ ಅಂದ ಒಂದೇ ಕಾರಣವಲ್ಲ. ಬಣ್ಣವಿಲ್ಲದ ಗಾಜಿನ ಒಂದು ತುಂಡನ್ನು ಅವಳು ರೆಸಿನ್ ತುಂಬಿದ ಲೋಟಕ್ಕೆ ಹಾಕಿ ತೋರಿಸಿದಳು. ಗಾಜು ಮುಳುಗಿತು. ಮುಳುಗಿದ ಕೂಡಲೇ ಕಾಣೆಯಾಯಿತು. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ 1.52ರ ಆಸುಪಾಸು; ಗಟ್ಟಿಯಾದ ಎಪಾಕ್ಸಿಯದ್ದೂ ಹೆಚ್ಚುಕಡಿಮೆ ಅಷ್ಟೇ. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬಾಗದಿದ್ದರೆ, ನಮ್ಮ ಕಣ್ಣಿಗೆ ಅಂಚು ಎಂಬುದೇ ಇರುವುದಿಲ್ಲ. ಬಣ್ಣದ ಬಳೆಯಾದರೆ ಕೆಂಪು ಉಳಿಯುತ್ತದೆ, ಹೊಳಪು ಹೋಗುತ್ತದೆ. "ಪೂರಾ ಮುಳುಗಿಸಿದ್ರ ಗಾಜು ಕಾಣಂಗಿಲ್ಲ ನೋಡು. ಬುಡ ಅಷ್ಟ ಮುಳುಗಬೇಕು, ತಲಿ ಮ್ಯಾಲಿರಬೇಕು." ಗಾಜು ಥಳಥಳಿಸಲು ಅದಕ್ಕೆ ಗಾಳಿ ಬೇಕು. ರೆಸಿನ್‌ಗಿಂತ ಗಾಜು ಎರಡು ಪಟ್ಟಿಗೂ ಮಿಕ್ಕಿ ಭಾರ, ತಾನಾಗಿ ತೇಲುವುದಿಲ್ಲ. ಅದಕ್ಕೇ ಈ ಅಂಟು, ಈ ಚಿಮಟ, ಈ ತಾಳ್ಮೆ.

ರೆಸಿನ್ ಹೊಯ್ಯಲು ಅವಳು ಸಂಜೆಯಾಗುವುದನ್ನು ಕಾಯುತ್ತಾಳೆ. ಮಧ್ಯಾಹ್ನದ ಚಿತ್ರ ಸಿದ್ಧವಾಗುವುದು ಹೊತ್ತು ಮುಳುಗಿದ ಮೇಲೆ. ಕೋಣೆ ಬಿಸಿಯೇರುವ ಹೊತ್ತಿನಲ್ಲಿ ಹಲಗೆಯ ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಮೇಲೆ ಬರುತ್ತದೆ. ತಂಪಾಗುವ ಹೊತ್ತಿನಲ್ಲಿ ಆ ಕಾಟ ಕಡಿಮೆ. ಸೆಕೆಗೆ ಇನ್ನೊಂದು ಅಪಾಯವೂ ಇದೆ. ರೆಸಿನ್ ಮತ್ತು ಹಾರ್ಡನರ್ ಬೆರೆತೊಡನೆ ತಮ್ಮಷ್ಟಕ್ಕೇ ಕಾಯತೊಡಗುತ್ತವೆ, ಕಾದಷ್ಟೂ ಬೇಗ ಗಟ್ಟಿಯಾಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಕೆಲಸಗಾರರ ಲೆಕ್ಕ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ಹೊಗೆಯಾಡುವುದೂ ಉಂಟು.

ಹಲಗೆಯ ಕೆಳಗೆ ನಾಲ್ಕು ಲೋಟ ಬೋರಲು. ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿ, ಒಂದು ಮೂಲೆಗೆ ರಟ್ಟಿನ ತುಂಡು ಕೊಟ್ಟಳು. ಕೈಗೆ ನೈಟ್ರೈಲ್ ಗ್ಲೌಸ್, ಮುಖಕ್ಕೆ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್. ಇದರಲ್ಲಿ ಅವಳು ಕಟ್ಟುನಿಟ್ಟು, ಸರಿಯೂ ಹೌದು: ಹಸಿ ಎಪಾಕ್ಸಿ ಚರ್ಮಕ್ಕೆ ತಾಗಿ ತಾಗಿ ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಎರಡು ಪಾಲಿಗೆ ಒಂದು ಪಾಲು ಅಳೆದು, ಲೋಟದ ಗೋಡೆ, ತಳ ಕೆರೆದು ಕಲಸಿ, ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಕಲಸಿದಳು. ಬೇಗ ಆಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವಂತಿಲ್ಲ. ಹಾಕಿದರೆ ಮೇಲ್ಮೈ ಎಂದೆಂದಿಗೂ ಅಂಟಂಟು.

ಈ ದ್ರವದ ಊರು ಸ್ವಿಟ್ಜರ್ಲೆಂಡ್ ಎನ್ನಬಹುದು. 1930ರ ದಶಕದಲ್ಲಿ ಪಿಯರ್ ಕಾಸ್ಟಾನ್ ಎಂಬ ರಸಾಯನ ವಿಜ್ಞಾನಿ ಕೃತಕ ದಂತಪಂಕ್ತಿಗೆ ಒದಗುವ ಪದಾರ್ಥ ಹುಡುಕುತ್ತಾ ಎಪಾಕ್ಸಿಗೆ ಬಂದರು. ಸೀಬಾ ಕಂಪನಿ ಅದರ ಪರವಾನಗಿ ಪಡೆದು 1946ರಲ್ಲಿ ಅರಾಲ್ಡೈಟ್ ಎಂಬ ಅಂಟಾಗಿ ಮಾರುಕಟ್ಟೆಗೆ ತಂದಿತು. ನಮ್ಮ ಮನೆಗಳ ಡ್ರಾಯರ್‌ನಲ್ಲಿ ಉಳಿದುಹೋಗುವ ಎರಡು ಪುಟ್ಟ ಟ್ಯೂಬುಗಳ ಬಂಧುವೇ ಇದು.

ಮೊದಲ ಸುತ್ತು ಬಿರುಕುಗಳಿಗೆ. ಅದೂ ಹೊಯ್ದದ್ದಲ್ಲ, ಕುಂಚದಲ್ಲಿ ತೆಳುವಾಗಿ ಸವರಿದ್ದು. ಆಳದಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲೇ ಮುಚ್ಚಿಹೋಗಬೇಕು. ಎರಡನೆಯದು ಮರದ ಬುಡಕ್ಕೆ, ಚೂರುಗಳ ಕಾಲು ಮುಚ್ಚುವಷ್ಟು. ಆಮೇಲೆ ಡಬ್ಬಿ ತೆರೆದಳು. ಬೂದುಗಪ್ಪಿನ ಡಾಂಬರು ರಸ್ತೆ ದಿಗಂತದ ಕಡೆ ಕಿರಿದಾಗುವಲ್ಲಿ, ಆ ಉಳಿಸಿಟ್ಟ ಆಕಾಶದ ಬಣ್ಣವನ್ನು ಅಡ್ಡಡ್ಡ ಸಣ್ಣ ಪಟ್ಟಿಗಳಾಗಿ ಎಳೆದಳು. ಬಿಸಿಲ್ಗುದುರೆ! ಕಾದ ಡಾಂಬರಿನ ಮೇಲಿನ ಗಾಳಿ ಹಗುರಾಗಿ, ಮೇಲಿನಿಂದ ಬರುವ ಬೆಳಕು ಅಲ್ಲಿ ಬಾಗಿ ಕಣ್ಣಿಗೆ ತಿರುಗುತ್ತದೆ. ದೂರದ ರಸ್ತೆಯ ಮೇಲೆ ನಿಂತ ನೀರು ಎಂದುಕೊಂಡದ್ದು ನಿಜಕ್ಕೂ ಆಕಾಶದ ಚೂರು. "ಅದು ನೀರಲ್ಲ, ಆಕಾಶನ ಕೆಳಗ ಬಂದದ. ಅದಕ್ಕ ಅದೇ ಬಣ್ಣ." ಬಣ್ಣ ಒಣಗಿದ ಮೇಲೆ ಆ ಪಟ್ಟಿಗಳ ಮೇಲೆ ಮಾತ್ರ ತಿಳಿ ರೆಸಿನ್ ಬಿಟ್ಟಳು. ಉಳಿದ ರಸ್ತೆಗೆ ಹೊಳಪೇ ಇಲ್ಲ, ಒರಟು. ಕಿರುಜ್ವಾಲೆಯ ಟಾರ್ಚನ್ನು ಒಂದು ಗೇಣು ಮೇಲೆ ಸರ್ರನೆ ಆಡಿಸಿದಾಗ ಗುಳ್ಳೆಗಳು ಟುಪ್ ಎಂದು ಒಡೆದವು. ಮರುಕ್ಷಣವೇ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ, ದೀಪ ಆರಿಸಿದಳು. ಮೊದಲ ಮಳೆಯ ಹೊತ್ತಿನ ಮಳೆಹುಳುಗಳಿಗೆ ಬೆಳಕಿನಷ್ಟೇ ರೆಸಿನ್‌ನ ಹೊಳಪೂ ಇಷ್ಟ.

ಇಪ್ಪತ್ನಾಲ್ಕು ಗಂಟೆಯಲ್ಲಿ ಮುಟ್ಟುವಂತಾಗುತ್ತದೆ, ಪೂರ್ತಿ ಗಟ್ಟಿಯಾಗಲು ಇನ್ನೂ ಕೆಲವು ದಿನ.

ರೆಸಿನ್ ಕಲೆ ಎಂದರೆ ಈಗ ಎಲ್ಲೆಡೆ ಸಿಗುವುದು ಸಮುದ್ರದ ಅಲೆಯ ಟ್ರೇ, ಹೂವು ಹುದುಗಿಸಿದ ಕೀಚೈನ್, ಗೋಡೆ ಗಡಿಯಾರ. ಅವುಗಳಲ್ಲಿ ಕೈಚಳಕ ಇದೆ, ದುಡಿಮೆ ಇದೆ, ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯಿಂದಲೇ ಸಂಪಾದನೆಯೂ ಆಗಿದೆ. ಆದರೆ ಅಲ್ಲಿ ಹೊಳಪು ಎಲ್ಲದರ ಮೇಲೂ ಸಮನಾಗಿ ಬಿದ್ದಿರುತ್ತದೆ, ಹಾಗಾಗಿ ಯಾವುದೂ ಹೊಳೆಯುವುದಿಲ್ಲ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗಿಸಿ ಬಳಸುವಂಥದ್ದೂ ಅಲ್ಲ. ಇಷ್ಟು ಕಾಲ ಉಳಿಯುವ ವಸ್ತುವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಯೋಚಿಸುವವರ ಕೈಯಲ್ಲೇ ಅದಕ್ಕೆ ಅರ್ಥ ಬರುತ್ತದೆ ಎಂದು ನಾನು ನಂಬುತ್ತೇನೆ. ಇವಳ ಹಲಗೆಯಲ್ಲಿ ರೆಸಿನ್ ಕಾಣುವ ಜಾಗ ಅಂಗೈಯಗಲ ಇದ್ದೀತು.

ಆ ಅಂಗೈಯಗಲದ ಮುಂದೆ ನೆಟ್ಟಗೆ ನಿಂತರೆ ಮಂಕು ಪಟ್ಟಿಗಳು ಮಾತ್ರ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ: ರಸ್ತೆಯ ಮೇಲೆ ನೀರು! ನುಣುಪು ಮೈ ಓರೆ ನೋಟಕ್ಕೆ ಹೆಚ್ಚು ಬೆಳಕು ಹಿಂದಿರುಗಿಸುತ್ತದೆ. ನಿಜವಾದ ಬಿಸಿಲ್ಗುದುರೆಯೂ ಓರೆ ನೋಟಕ್ಕಷ್ಟೇ ಸಿಗುವಂಥದ್ದು. ಮರದ ಕೆಂಪು ಚೂರುಗಳೂ ಅಷ್ಟೆ, ನೀವು ನಡೆದಂತೆ ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ.

ಆದ್ದರಿಂದ ಈ ಚಿತ್ರ ಎಲ್ಲೆಂದರಲ್ಲಿ ನೇತುಹಾಕುವಂಥದ್ದಲ್ಲ. ನೇರ ಬಿಸಿಲು ತಾಗಿದರೆ ಅದರ ಅತಿನೇರಳೆ ಕಿರಣಕ್ಕೆ ಎಪಾಕ್ಸಿ ಬರಬರುತ್ತಾ ಹಳದಿಗಟ್ಟುತ್ತದೆ. ಯುವಿ ತಡೆಯ ರಾಸಾಯನಿಕ ಬೆರೆಸಿದ್ದರೂ ತಡವಾಗುತ್ತದೆಯೇ ಹೊರತು ತಪ್ಪುವುದಿಲ್ಲ. ಕತ್ತಲ ಗೋಡೆಯಾದರೆ ಗಾಜಿಗೆ ಕೆಲಸವಿಲ್ಲ. ಪಕ್ಕದ ಕಿಟಕಿಯಿಂದ ಓರೆಯಾಗಿ ಬೆಳಕು ಬರಬೇಕು, ಬಿಸಿಲಕೋಲು ಮಾತ್ರ ಬೀಳಕೂಡದು. ಕಲಬುರಗಿಯ ಒಂದು ಮನೆಯವರು ಇದನ್ನು ಕೇಳಿದ್ದಾರೆ. ಬೆಲೆಯ ಮಾತಿಗಿಂತ ಮುಂಚೆ ಅವಳು ಅವರ ಹಾಲ್‌ನ ಗೋಡೆಯ ಫೋಟೊ ತರಿಸಿಕೊಂಡಳು, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ನೋಡಿ, ಸೋಫಾದ ಹಿಂದಿನ ಗೋಡೆ ಬೇಡ, ಅಡುಗೆಮನೆಗೆ ಹೋಗುವ ದಾರಿಯ ಗೋಡೆ ಆಗಲಿ ಎಂದು ಹೇಳಿ ಕಳಿಸಿದಳು. "ಅಲ್ಲಿ ನಿಂತು ಯಾರೂ ನೋಡಂಗಿಲ್ಲ, ಹಾದು ಹೋಗ್ತಾರ. ಹಾದು ಹೋಗೋರಿಗೇ ಇದು ಕಾಣೂದು."