ಹೊಳೆಯುವ ಹಲಗೆಯೊಳಗಿನ ಕಿಚ್ಚು

ಬಹುಮಹಡಿ ಕಟ್ಟಡದ ಹೊರಗೋಡೆಗೆ ಅಂದಕ್ಕಾಗಿಯೂ ಮಳೆ-ಬಿಸಿಲಿನ ತಡೆಗಾಗಿಯೂ ತೊಡಿಸುವ ಹೊದಿಕೆಯನ್ನು ‘ಕ್ಲಾಡಿಂಗ್’ ಎನ್ನುತ್ತಾರೆ. ಇದಕ್ಕೆ ವ್ಯಾಪಕವಾಗಿ ಬಳಸುವ ‘ಎಸಿಪಿ’ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಹಲಗೆಯ ಅಗ್ಗದ ಬಗೆಯಲ್ಲಿ ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತಿರುಳಿರುತ್ತದೆ. ಬೆಂಕಿ ತಗುಲಿದರೆ ಈ ತಿರುಳು ಕರಗಿ, ತೊಟ್ಟಿಕ್ಕುತ್ತ ಉರಿಯುತ್ತದೆ. ಹಲಗೆಗೂ ಗೋಡೆಗೂ ನಡುವಿನ ಸಂದು ಹೊಗೆಕೊಳವೆಯಂತೆ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತುಗಳ ಗ್ರೆನ್‌ಫೆಲ್ ಟವರ್‌ನಲ್ಲಿ ಒಂದು ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಹೀಗೆಯೇ ಹಬ್ಬಿ 72 ಜನರನ್ನು ಬಲಿ ತೆಗೆದುಕೊಂಡಿತು.

ಕರ್ನಾಟಕದ ಕಹಿ ಅನುಭವ ಬೇರೆ ಬಗೆಯದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿಯ ಹೊಗೆ ಮೇಲಂತಸ್ತುಗಳನ್ನು ತುಂಬಿ 9 ಮಂದಿ ಅಸುನೀಗಿದರು. ಉಸಿರುಗಟ್ಟಿದ ಕೆಲವರು ಕಿಟಕಿಯಿಂದಲೇ ಜಿಗಿದಿದ್ದರು.

ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಅಥವಾ ಅದಕ್ಕೂ ಮಿಗಿಲಾದ ಕಟ್ಟಡವನ್ನೇ ಎತ್ತರದ ಕಟ್ಟಡವೆಂದು ಎಣಿಸುವುದರಿಂದ, ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಗಿಡ್ಡ ಕಟ್ಟಡಗಳು ಎತ್ತರದ ಕಟ್ಟಡಗಳಿಗಿರುವ ವಿಶೇಷ ಅಗ್ನಿಸುರಕ್ಷಾ ನಿಯಮಗಳ ಹೊರಗುಳಿಯುತ್ತವೆ. ಆದರೆ ಪ್ಲಾಸ್ಟಿಕ್ ಉರಿಯುವ ರೀತಿ ಎತ್ತರವನ್ನು ನೋಡುವುದಿಲ್ಲ. ಮುಂಭಾಗಕ್ಕೆ ಹಲಗೆ ಹೊಡೆಸುವವರು ಬಣ್ಣ ಆರಿಸುವ ಮೊದಲು, ಖನಿಜಭರಿತ ಅಗ್ನಿನಿರೋಧಕ ತಿರುಳಿನದೆಂಬ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು, ಹೊಗೆ ಹೊರಹೋಗಲು ಬೇಕಾದ ಮಹಡಿಯ ಕಿಟಕಿಗಳನ್ನು ಹಲಗೆಯಿಂದ ಎಂದೂ ಮುಚ್ಚಿಸಬಾರದು.