ಬೆಟ್ಟದ ಹೊಳೆಯು ಏರಿ ಬಂದಾಗ

ಬಯಲಿನ ದೊಡ್ಡ ನದಿಯು ತುಂಬುವುದಕ್ಕೆ ದಿನಗಳು ಬೇಕು. ಬೆಟ್ಟದ ಹೊಳೆಗಾದರೋ ಅರ್ಧ ತಾಸು ಸಾಕು. ಕಡಿದಾದ ಇಳಿಜಾರಿನಲ್ಲಿ ಬಿದ್ದ ನೀರು ಇಂಗದೆ ಇಕ್ಕಟ್ಟಾದ ಕಣಿವೆಗೆ ಧುಮುಕುವುದೇ ಇದಕ್ಕೆ ಕಾರಣವು. ನಾವಿರುವಲ್ಲಿ ಹನಿಯೂ ಬೀಳದಿರಬಹುದು.

ಅಮೇರಿಕದ ಕೊಲೊರಾಡೊ ಸಂಸ್ಥಾನದಲ್ಲಿ ಬಿಗ್ ಥಾಮ್ಸನ್ ಎಂಬ ಹೊಳೆಯ ಕಣಿವೆಯುಂಟು. 1976ನೆಯ ಇಸವಿ ಜುಲೈ 31ರಂದು ಅದು ರಜೆಗೆ ಬಂದವರಿಂದ ತುಂಬಿತ್ತು; ಮರುದಿನ ಆ ಸಂಸ್ಥಾನಕ್ಕೆ ನೂರು ವರ್ಷ ತುಂಬುವುದಿತ್ತು. ಸಾಯಂಕಾಲ ಕೆಲವೇ ತಾಸುಗಳಲ್ಲಿ ಸುಮಾರು 12 ಅಂಗುಲ ಮಳೆಯು ಸುರಿಯಿತು. 140ಕ್ಕೂ ಹೆಚ್ಚು ಜನರು ಮಡಿದರು. ಮೋಟಾರನ್ನೇ ನಂಬಿ ಹೊಳೆಯ ಪಕ್ಕದ ಮಾರ್ಗದಲ್ಲಿ ಓಡಿದ ಅನೇಕರನ್ನು ನೀರು ಹಿಂದಟ್ಟಿ ಹಿಡಿಯಿತು. ಅದನ್ನು ತೊರೆದು ಬದಿಯ ಗುಡ್ಡವನ್ನು ಹತ್ತಿದ ಅನೇಕರು ಉಳಿದರು. ಪ್ರವಾಹ ಬಂದರೆ ಮೇಲಕ್ಕೆ ಹತ್ತಿರೆಂಬ ಫಲಕಗಳನ್ನು ಬಳಿಕ ಅಲ್ಲಿಯ ಮಾರ್ಗಗಳಲ್ಲಿ ನಿಲ್ಲಿಸಿದರು.

ಆದುದರಿಂದ ಹೊಳೆಯು ಥಟ್ಟನೆ ಕದಡಿ ಕಸಕಡ್ಡಿ ತಂದರೆ, ಮೇಲ್ಗಡೆಯಿಂದ ಗುಡುಗಿನಂಥ ಮೊರೆತ ಕೇಳಿದರೆ, ಕೂಡಲೇ ಮೇಲೇರತಕ್ಕದ್ದು. ಒಡವೆಯ ಪೆಟ್ಟಿಗೆಗಾಗಿ ಹಿಂದಿರುಗಬಾರದು. (ತಾಯಂದಿರು ಈ ಮಾತಿಗೆ ಕೋಪಿಸದಿರಲಿ!) ಮೊಣಕಾಲುದ್ದದ ಹರಿವೂ ಗಟ್ಟಿ ಆಳನ್ನು ಕೆಡಹಬಲ್ಲದು.

ನಮ್ಮ ಮಲೆಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೇ ಮಳೆಗೆ ನೆನೆದು ಜರಿದವು. ಹತ್ತುವಾಗ ಮಾರ್ಗಕ್ಕಾಗಿ ಕಡಿದ ಬರೆಯನ್ನೂ ಬಿರುಕುಬಿಟ್ಟ ನೆಲವನ್ನೂ ಬಿಟ್ಟು ಗಟ್ಟಿ ನೆಲವಿರುವ ಕಡೆಗೆ ಹೋಗತಕ್ಕದ್ದು. ಆ ದಾರಿಯನ್ನು ಮಳೆಗಾಲಕ್ಕೆ ಮುಂಚೆ, ಹಗಲಿನಲ್ಲಿ, ಮಕ್ಕಳೊಡನೆ ಒಮ್ಮೆ ನಡೆದು ನೋಡಿರಬೇಕು.